ಕಾರಿನ ಡಿಕ್ಕಿಯಿಂದ ಕಾಶಿಯ ಗಲ್ಲಿ ಮನೆಗೆ

ಕಾಶಿಯ ಹಳೇ ಊರಿನಲ್ಲಿ ಕಾರು ಇದ್ದವರ ಮನೆ ಬಾಗಿಲಿಗೂ ಕಾರು ಬರುವುದಿಲ್ಲ. ಗೋದೌಲಿಯಾ ವೃತ್ತ ದಾಟಿ ಗಂಗೆಯ ಕಡೆ ಹೊರಳಿದರೆ ಸಿಗುವ ಎಷ್ಟೋ ಗಲ್ಲಿಗಳಲ್ಲಿ ಎರಡೂ ಕೈ ಚಾಚಿದರೆ ಎರಡೂ ಕಡೆಯ ಗೋಡೆ ಮುಟ್ಟುತ್ತದೆ. ಎದುರಿಗೊಂದು ಗೂಳಿ ಬಂದರೆ ಯಾರದೋ ಮನೆಯ ಜಗಲಿ ಹತ್ತಿ ನಿಲ್ಲಬೇಕು. ಹಾಗಾಗಿ ಕಾರು ದೂರದ ರಸ್ತೆಯಲ್ಲೋ ಪಾರ್ಕಿಂಗ್ ಜಾಗದಲ್ಲೋ ಉಳಿಯುತ್ತದೆ. ಅದರ ಡಿಕ್ಕಿಯಲ್ಲಿ ಕೂತ ಹನ್ನೆರಡು ಇಂಚಿನ ಸಬ್‌ವೂಫರೂ ಅಲ್ಲೇ ಉಳಿಯುತ್ತದೆ. ಆದರೆ ಕಾರು ಬಾರದ ಗಲ್ಲಿಗೆ ಸಬ್‌ವೂಫರ್ ಬರಬಹುದು. ಒಂದು ಮರದ ಪೆಟ್ಟಿಗೆ, ಅಂಗೈ ಎರಡರಷ್ಟು ಅಗಲದ ಒಂದು ಆಂಪ್ಲಿಫೈಯರ್. ಹೆಗಲ ಮೇಲೆ ಹೊತ್ತು ತಂದರೆ ಆಯಿತು.

ಹನುಮಾನ್ ಘಾಟ್, ಕೇದಾರ ಘಾಟ್‌ಗಳ ಸುತ್ತ ದಕ್ಷಿಣದವರ ಮನೆಗಳು ತಲೆಮಾರುಗಳಿಂದ ಇವೆ. ಹನುಮಾನ್ ಘಾಟ್‌ನ ಪಕ್ಕದಲ್ಲೇ ಕರ್ನಾಟಕ ಘಾಟ್, ಗೋದೌಲಿಯಾ ಸಮೀಪ ಜಂಗಮವಾಡಿ ಮಠ. ಕನ್ನಡ ಕಿವಿಗೆ ಬೀಳುವ ಜಾಗಗಳಿವು. ಅಂಥ ಗಲ್ಲಿಯ ಒಂದು ಮನೆಯನ್ನು ಕಣ್ಣಮುಂದೆ ಇಟ್ಟುಕೊಳ್ಳಬಹುದು. ನಾಲ್ಕು ಮೀಟರ್ ಉದ್ದದ ಕೋಣೆ, ಕಲ್ಲಿನ ನೆಲ, ದಪ್ಪ ಗೋಡೆ, ಗೋಡೆಗಾನಿಸಿ ಒಂದು ಹಳೆಯ ಸ್ಟೀರಿಯೋ ರಿಸೀವರ್, ಎರಡು ಪುಟ್ಟ ಸ್ಪೀಕರ್. ಹೊಸ ಕಾರು ಕೊಂಡಾಗ ಹಳೆಯದರ ಸಬ್‌ವೂಫರ್ ಬಿಚ್ಚಿಟ್ಟದ್ದು ಮೂಲೆಯಲ್ಲಿದೆ. ಇದನ್ನು ರಿಸೀವರ್‌ಗೆ ಸೇರಿಸಲು ಆಗುತ್ತದೆಯೇ?

ಆಗುತ್ತದೆ. ಹಾಗೆಂದು ಎಲ್ಲರೂ ಮಾಡಲೇಬೇಕಾದ ಕೆಲಸವಲ್ಲ. ಸಬ್‌ವೂಫರ್ ಮತ್ತು ಆಂಪ್ಲಿಫೈಯರ್ ಎರಡೂ ಕೈಯಲ್ಲಿದ್ದರೆ ಮಾತ್ರ ಇದಕ್ಕೆ ಅರ್ಥವಿದೆ. ಏನೂ ಇಲ್ಲದವರು ಕಾರಿನ ಸಾಮಾನು ಕೊಂಡು, ಅದಕ್ಕೆ ಪವರ್ ಸಪ್ಲೈ ಕೊಂಡು, ಫ್ಯೂಸು-ಕೇಬಲ್ಲು ಜೋಡಿಸಹೊರಟರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಅಂಥವರಿಗೆ ಗೋಡೆಯ ಪ್ಲಗ್‌ಗೆ ನೇರ ಹಾಕುವ, ಆಂಪ್ಲಿಫೈಯರ್ ಒಳಗೇ ಇರುವ ಮನೆ ಸಬ್‌ವೂಫರೇ ಒಳ್ಳೆಯದು.

ಇಷ್ಟೆಲ್ಲ ಯಾಕೆ ಎಂಬುದಕ್ಕೆ ಬನಾರಸ್‌ನಲ್ಲೇ ಉತ್ತರವಿದೆ. ಇದು ತಬಲಾದ ಊರು. ಪಂಡಿತ್ ರಾಮ್ ಸಹಾಯ್ ಅವರಿಂದ ಶುರುವಾದ ಬನಾರಸ್ ಘರಾಣೆಯಲ್ಲಿ ಕಿಶನ್ ಮಹಾರಾಜ್, ಗುದಈ ಮಹಾರಾಜ್ ಎಂದೇ ಕರೆಯಲ್ಪಡುತ್ತಿದ್ದ ಸಾಮ್ತಾ ಪ್ರಸಾದ್ ಅಂಥವರು ಬಂದರು. ಅವರ ಎಡಗೈಯ ಡಗ್ಗಾ ಗುಮ್ಮೆನ್ನುವಾಗ ಅದರ ಮೂಲ ನಾದ ಸುಮಾರು 100 ಹರ್ಟ್ಸ್ ಆಸುಪಾಸಿಗೆ, ಅದಕ್ಕೂ ಕೆಳಕ್ಕೆ ಇಳಿಯುತ್ತದೆ. ಅಂಗೈಯ ಬುಡವನ್ನು ಚರ್ಮದ ಮೇಲೆ ಜಾರಿಸಿದಾಗ ನಾದ ಕೆಳಗಿನಿಂದ ಮೇಲಕ್ಕೆ ಬಾಗುತ್ತ ಏರುತ್ತದೆ. ನಾಲ್ಕೈದು ಇಂಚಿನ ಸ್ಪೀಕರ್‌ನಲ್ಲಿ ಆ ಬಾಗು ಕೇಳಿಸುತ್ತದೆ, ಅದರ ಮೈ ಕೇಳಿಸುವುದಿಲ್ಲ. ಮೃದಂಗದ ಎಡ ಮುಖಕ್ಕೆ ರವೆ ಮೆತ್ತುವುದನ್ನು ಕಂಡ ಕನ್ನಡಿಗರಿಗೆ, ಪಖಾವಜ್‌ನ ಎಡಕ್ಕೆ ಗೋಧಿ ಹಿಟ್ಟಿನ ಕಣಕ ಮೆತ್ತುವುದನ್ನು ಕಂಡ ಬನಾರಸಿಗಳಿಗೆ ಆ ತೂಕ ಯಾಕೆ ಬೇಕೆಂದು ಹೇಳಿಕೊಡಬೇಕಿಲ್ಲ. 1920ರಲ್ಲೇ ಸಿ. ವಿ. ರಾಮನ್ ಶಿವಕಾಳಿ ಕುಮಾರ್ ಜೊತೆ ‘ನೇಚರ್’ ಪತ್ರಿಕೆಯಲ್ಲಿ, ನಮ್ಮ ಈ ವಾದ್ಯಗಳ ಚರ್ಮದ ಮೇಲಿನ ಭಾರದಿಂದಲೇ ಅವುಗಳ ನಾದಕ್ಕೆ ಸ್ವರದ ಗುಣ ಬರುತ್ತದೆ ಎಂದು ಬರೆದಿದ್ದರು. ಗಂಡು ದನಿಯ ತಂಬೂರಿಯ ಮಂದ್ರ ತಂತಿಯೂ 70 ಹರ್ಟ್ಸ್ ಸುತ್ತಮುತ್ತ ಮಿಡಿಯುತ್ತದೆ. ಕಾಶಿಯಲ್ಲೇ 1920ರ ಏಪ್ರಿಲ್ 7ರಂದು ಹುಟ್ಟಿದ ರವಿಶಂಕರ್ ಅವರ ಸಿತಾರ್‌ನ ಖರ್ಜ್ ತಂತಿಯೂ ಅಷ್ಟೇ ಆಳದ್ದು. ಸಬ್‌ವೂಫರ್ ಇರಬೇಕಾದದ್ದು ಈ ಕೆಳಗಿನ ನಾದಗಳಿಗೆ. ಗೋಡೆ ನಡುಗಿಸಲು ಅಲ್ಲ.

ಈಗ ಕೆಲಸಕ್ಕೆ.

ಕಾರಿನ ಆಂಪ್ಲಿಫೈಯರ್‌ಗೆ ಬೇಕಾದದ್ದು 12 ವೋಲ್ಟ್ ಡಿಸಿ. ಎಂಜಿನ್ ಓಡುವಾಗ ಆಲ್ಟರ್ನೇಟರ್ ಕೊಡುವುದು ಅದಕ್ಕಿಂತ ಸ್ವಲ್ಪ ಹೆಚ್ಚು, 13.8ರಿಂದ 14.4 ವೋಲ್ಟ್. ಮನೆಯ ಗೋಡೆಯಲ್ಲಿರುವುದು 230 ವೋಲ್ಟ್ ಎಸಿ. ಈ ಎರಡರ ನಡುವಿನ ಸೇತುವೆ ಸರಿಯಾಗಿ ಕಟ್ಟಿದರೆ ಮುಕ್ಕಾಲು ಕೆಲಸ ಮುಗಿದಂತೆ. ಈ ಪ್ರಯೋಗ ಕೆಡುವುದು ಹೆಚ್ಚಾಗಿ ಇಲ್ಲೇ. ರೇಡಿಯೋಗೆ, ವೈಫೈ ಪೆಟ್ಟಿಗೆಗೆ ಬರುವ 12 ವೋಲ್ಟ್ ಅಡಾಪ್ಟರನ್ನು ತಂದು ಚುಚ್ಚುತ್ತಾರೆ. ಅದರ ಶಕ್ತಿ 1 ಅಥವಾ 2 ಆಂಪಿಯರ್. ಆಂಪ್ಲಿಫೈಯರ್‌ನ ದೀಪ ಹತ್ತುತ್ತದೆ. ಮೊದಲ ಗುಮ್ಮಿಗೇ ಆರುತ್ತದೆ.

ಎಷ್ಟು ಆಂಪಿಯರ್ ಬೇಕು? ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ‘1200 ವ್ಯಾಟ್’ ನೋಡಿ ಲೆಕ್ಕ ಹಾಕಬಾರದು. ಆಂಪ್ಲಿಫೈಯರ್‌ನ ಪಕ್ಕದಲ್ಲಿ ಸಿಕ್ಕಿಸಿರುವ ಫ್ಯೂಸ್ ನೋಡಬೇಕು, ಅದು ಸುಳ್ಳು ಹೇಳುವುದಿಲ್ಲ. 25 ಆಂಪಿಯರ್‌ನ ಒಂದೇ ಫ್ಯೂಸ್ ಇದ್ದರೆ, 13.8 ವೋಲ್ಟಿನಲ್ಲಿ ಅದು ಎಳೆಯಬಲ್ಲದ್ದು ಸುಮಾರು 345 ವ್ಯಾಟ್. ಆಂಪ್ಲಿಫೈಯರ್ ಹಳೆಯ ‘ಎಬಿ’ ಜಾತಿಯದಾದರೆ ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಸ್ಪೀಕರ್‌ಗೆ ಹೋಗುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ‘ಡಿ’ ಜಾತಿಯದಾದರೆ ನೂರಕ್ಕೆ ಎಂಬತ್ತರಷ್ಟು ಉಪಯೋಗಕ್ಕೆ ಬರುತ್ತದೆ, ಅಂದರೆ ಸುಮಾರು 275 ವ್ಯಾಟ್. ನಾಲ್ಕು ಮೀಟರ್ ಕೋಣೆಗೆ ಇದು ಬೇಕಾದದ್ದಕ್ಕಿಂತ ಹೆಚ್ಚು. ಸಂಗೀತ ಕೇಳುವಾಗ ಪೂರ್ಣ ಶಕ್ತಿ ಕ್ಷಣಮಾತ್ರ ಬೇಕಾಗುತ್ತದೆ; ಸರಾಸರಿ ಬಹಳ ಕಡಿಮೆ.

ಹಾಗಾಗಿ ಒಂದು ಸಬ್‌ವೂಫರ್‌ಗೆ 12 ವೋಲ್ಟ್, 30 ಆಂಪಿಯರ್‌ನ ಎಸ್‌ಎಂಪಿಎಸ್ ಪವರ್ ಸಪ್ಲೈ ಸಾಕು. ಎಲ್‌ಇಡಿ ಬೋರ್ಡುಗಳಿಗೆ ಹಾಕುವ, ಮೈತುಂಬ ತೂತುಗಳಿರುವ ಅಲ್ಯೂಮಿನಿಯಂ ಪೆಟ್ಟಿಗೆ ಅದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಬನಾರಸ್‌ನಲ್ಲಾದರೆ ಚೌಕ್ ಬಳಿಯ ದಾಲ್ ಮಂಡಿ ಇಂಥ ಸಣ್ಣಪುಟ್ಟ ಸಾಮಾನಿನ ಸಗಟು ವ್ಯಾಪಾರಕ್ಕೆ ಹೆಸರಾದ ಗಲ್ಲಿ. ಅದಕ್ಕೂ ಹಿಂದೆ ಅದು ಠುಮ್ರಿ ಹಾಡುತ್ತಿದ್ದ ತವಾಯಿಫರ ಕೋಠಿಗಳ ಗಲ್ಲಿಯಾಗಿತ್ತು. ಶಬ್ದದ ನಂಟು ಆ ಬೀದಿಗೆ ಹಳೆಯದು.

ಈ ಪೆಟ್ಟಿಗೆಯನ್ನು ಹತ್ತಿರದಿಂದ ನೋಡಬೇಕು. ಒಂದು ತುದಿಯಲ್ಲಿ ಸ್ಕ್ರೂಗಳ ಸಾಲು. ಎಡದ ಎರಡು ಸ್ಕ್ರೂ ಮನೆಯ ಫೇಸ್ ಮತ್ತು ನ್ಯೂಟ್ರಲ್‌ಗೆ, ಮೂರನೆಯದು ಅರ್ಥಿಂಗ್‌ಗೆ. ಆಮೇಲಿನವು 12 ವೋಲ್ಟಿನ ಮೈನಸ್‌ಗಳು, ಕೊನೆಯವು ಪ್ಲಸ್‌ಗಳು. ಕಂಪನಿಯಿಂದ ಕಂಪನಿಗೆ ಕ್ರಮ ಬದಲಾಗಬಹುದಾದ್ದರಿಂದ ಪಕ್ಕದಲ್ಲಿ ಅಚ್ಚಾದ ಅಕ್ಷರ ಓದಿಯೇ ತಂತಿ ಬಿಗಿಯಬೇಕು. ಪೆಟ್ಟಿಗೆಯ ಪಕ್ಕದ ತೂತೊಂದರಲ್ಲಿ ಹಲವು ಮಾದರಿಗಳಿಗೆ ಕೆಂಪು ಬಣ್ಣದ ಜಾರು ಸ್ವಿಚ್ ಇರುತ್ತದೆ, 115 ಮತ್ತು 230 ಎಂದು ಬರೆದಿರುತ್ತದೆ. ಅದು 230ರ ಕಡೆ ಇದೆಯೇ ಎಂದು ಪ್ಲಗ್ ಹಾಕುವ ಮೊದಲೇ ನೋಡಬೇಕು. 115ರಲ್ಲಿ ಬಿಟ್ಟು ನಮ್ಮ ಕರೆಂಟ್ ಕೊಟ್ಟರೆ ಒಂದು ಪಟಾಕಿಯ ಸದ್ದು, ಸ್ವಲ್ಪ ಹೊಗೆ, ಅಲ್ಲಿಗೆ ಅದರ ಆಯಸ್ಸು ಮುಗಿಯುತ್ತದೆ. ಸ್ಕ್ರೂ ಸಾಲಿನ ತುದಿಗೆ ಒಂದು ಚಿಕ್ಕ ಪ್ಲಾಸ್ಟಿಕ್ ತಿರುಪು ಇರುತ್ತದೆ. ಮಲ್ಟಿಮೀಟರ್ ಇಟ್ಟು ಅದನ್ನು ಮೆಲ್ಲಗೆ ತಿರುಗಿಸಿದರೆ ವೋಲ್ಟೇಜ್ 12ರಿಂದ 13.8ರವರೆಗೆ ಏರುತ್ತದೆ. ಆಂಪ್ಲಿಫೈಯರ್‌ಗೆ ಅದೇ ಒಗ್ಗುವ ಆಹಾರ.

ಇದನ್ನು ತೆರೆದಿಟ್ಟು ಬಳಸಬಾರದು. 230 ವೋಲ್ಟಿನ ಸ್ಕ್ರೂಗಳು ಬೆರಳಿಗೆ ಸಿಗುವಂತಿರುತ್ತವೆ. ಮನೆಯಲ್ಲಿ ಮಕ್ಕಳಿದ್ದರಂತೂ ಮಾತೇ ಇಲ್ಲ. ಗಾಳಿಯಾಡುವ ತೂತುಗಳಿರುವ ಪೆಟ್ಟಿಗೆಯೊಳಗೆ ಕೂರಿಸಿ, ಅರ್ಥಿಂಗ್ ತಂತಿಯನ್ನು ಬಿಡದೆ ಸೇರಿಸಿ, ಮೂರು ಪಿನ್ನಿನ ಪ್ಲಗ್ ಹಾಕಬೇಕು. ಕಾಶಿಯ ಹಳೆಯ ಮನೆಗಳಿರಲಿ, ಧಾರವಾಡದ ಹಳೆಯ ವಾಡೆಗಳಿರಲಿ, ಗೋಡೆಯ ಸಾಕೆಟ್‌ಗೆ ಮೂರು ತೂತು ಇದ್ದ ಮಾತ್ರಕ್ಕೆ ಅದರ ಹಿಂದೆ ಅರ್ಥಿಂಗ್ ಇದೆ ಎಂದಲ್ಲ. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಒಮ್ಮೆ ನೋಡಿಸುವುದು ಇಡೀ ಕೆಲಸದಲ್ಲೇ ಮುಖ್ಯವಾದ ಹೆಜ್ಜೆ. 230 ವೋಲ್ಟಿನ ಭಾಗದಲ್ಲಿ ಕೈಯಾಡಿಸಿ ಅಭ್ಯಾಸವಿಲ್ಲದವರು ಆ ಮೂರು ಸ್ಕ್ರೂಗಳನ್ನೂ ಅವನ ಕೈಯಲ್ಲೇ ಹಾಕಿಸಲಿ. ಗೋಡೆಯಿಂದ ಎಳೆಯುವ ಕರೆಂಟು ಹೆಚ್ಚೇನಿಲ್ಲ. ಪೂರ್ಣ 360 ವ್ಯಾಟ್ ಕೊಡುವಾಗಲೂ ಎರಡು ಆಂಪಿಯರ್‌ನ ಆಸುಪಾಸು. ಸಾಮಾನ್ಯ 6 ಆಂಪಿಯರ್ ಸಾಕೆಟ್ಟೇ ಸಾಕು. ಬಿಸಿಯ ಕಡೆ ಮಾತ್ರ ಗಮನ ಬೇಕು. ಮೇ ತಿಂಗಳ ಬನಾರಸ್‌ನಲ್ಲಿ ಉಷ್ಣಾಂಶ 45 ಡಿಗ್ರಿ ಮುಟ್ಟುತ್ತದೆ. ಮುಚ್ಚಿದ ಬೀರುವಿನೊಳಗೆ ಇಟ್ಟ ಎಸ್‌ಎಂಪಿಎಸ್ ಆಗ ಬಾಳುವುದಿಲ್ಲ.

ಬೇರೆ ದಾರಿಗಳೂ ಇವೆ. ಹಳೆಯ ಕಂಪ್ಯೂಟರ್‌ನ ಪವರ್ ಸಪ್ಲೈ ಇದ್ದರೆ ಅದರ ದೊಡ್ಡ ಪ್ಲಗ್ಗಿನ ಹಸಿರು ತಂತಿಯನ್ನು ಯಾವುದಾದರೊಂದು ಕಪ್ಪು ತಂತಿಗೆ ಸೇರಿಸಿದರೆ ಅದು ಶುರುವಾಗುತ್ತದೆ. ಹಳದಿ ತಂತಿಗಳು 12 ವೋಲ್ಟ್, ಕಪ್ಪು ಮೈನಸ್. ಒಂದು ಹಳದಿ ತಂತಿ ಸಾಲದು, ಹಲವನ್ನು ಸೇರಿಸಿ ಹುರಿ ಮಾಡಬೇಕು. ಮೇಲಿನ ಚೀಟಿಯಲ್ಲಿ 12 ವೋಲ್ಟಿಗೆ ಎಷ್ಟು ಆಂಪಿಯರ್ ಎಂದು ಬರೆದಿದೆಯೋ ಅದೇ ಮಿತಿ. ಹಳೆಯವುಗಳಲ್ಲಿ ಅದು ಹದಿನೈದರ ಸುತ್ತ ಇರುವುದೇ ಹೆಚ್ಚು. ಅದರ ಮುಚ್ಚಳ ಮಾತ್ರ ತೆಗೆಯಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಮುನ್ನೂರು ವೋಲ್ಟಿನಷ್ಟು ಉಳಿದಿರುತ್ತದೆ.

ಇನ್ನು ಮನೆಯ ಇನ್ವರ್ಟರ್ ಬ್ಯಾಟರಿ. ಉತ್ತರ ಪ್ರದೇಶದಲ್ಲೂ ಕರ್ನಾಟಕದಲ್ಲೂ ಮೆಟ್ಟಿಲ ಕೆಳಗೊಂದು ದೊಡ್ಡ ಬ್ಯಾಟರಿ ಕೂತಿರುವುದು ಮಾಮೂಲಿ. ‘12 ವೋಲ್ಟ್ ಇಲ್ಲೇ ಇದೆಯಲ್ಲ’ ಎಂಬ ಆಸೆ ಹುಟ್ಟುವುದು ಸಹಜ. ಮೊದಲು ಎಣಿಸಬೇಕು. ಬ್ಯಾಟರಿ ಎರಡಿದ್ದು ಸರಣಿಯಲ್ಲಿ ಜೋಡಿಸಿದ್ದರೆ ಅದು 24 ವೋಲ್ಟ್. ಕಾರಿನ ಆಂಪ್ಲಿಫೈಯರ್ ಅಲ್ಲೇ ಸುಟ್ಟುಹೋಗುತ್ತದೆ. ಒಂದೇ ಇದ್ದರೂ ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಇಲ್ಲದೆ ತಂತಿ ಎಳೆಯಬಾರದು. ಶಾರ್ಟ್ ಆದರೆ ಆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ, ತಂತಿ ಕೆಂಡವಾಗುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲವೂ ಹೊರಬರುವುದರಿಂದ ಅದನ್ನು ಕೂರುವ ಕೋಣೆಗೆ ತರಲಾಗದು. ಜೊತೆಗೆ, ರಾತ್ರಿ ಕರೆಂಟ್ ಹೋದಾಗ ಫ್ಯಾನಿಗೆ ಇರಬೇಕಾದ ಶಕ್ತಿ ಸಂಜೆಯ ಹಾಡಿಗೆ ಮುಗಿದಿರುತ್ತದೆ. ಈ ಲೇಖನದ ಮಟ್ಟಿಗೆ ಎಸ್‌ಎಂಪಿಎಸ್‌ದೇ ಮೇಲುಗೈ.

ಎಸ್‌ಎಂಪಿಎಸ್‌ನಿಂದ ಆಂಪ್ಲಿಫೈಯರ್‌ಗೆ ಹೋಗುವ ತಂತಿ ಚಿಕ್ಕದಾಗಿರಲಿ, ದಪ್ಪಗಿರಲಿ. ಒಂದು ಮೀಟರ್ ಒಳಗಾದರೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 6 ಚದರ ಮಿಲಿಮೀಟರ್‌ನ ತಾಮ್ರದ ತಂತಿ ಸಾಕು, ಕೆಂಪೊಂದು ಕಪ್ಪೊಂದು. ತುದಿಗೆ ಲಗ್ ಒತ್ತಿಸಿಕೊಂಡರೆ ಸ್ಕ್ರೂ ಸಡಿಲವಾಗುವುದಿಲ್ಲ. ಪ್ಲಸ್-ಮೈನಸ್ ಅದಲುಬದಲಾದರೆ ಫ್ಯೂಸ್ ಹಾರಿ ಬದುಕಿಕೊಳ್ಳಬಹುದು, ಬದುಕದೆಯೂ ಹೋಗಬಹುದು. ಆದ್ದರಿಂದ ಆಂಪ್ಲಿಫೈಯರ್‌ಗೆ ಸೇರಿಸುವ ಮುನ್ನ ತಂತಿಯ ತುದಿಗೆ ಮೀಟರ್ ಇಟ್ಟು ಯಾವುದು ಯಾವುದೆಂದು ನೋಡಿಕೊಳ್ಳಬೇಕು.

ಆಂಪ್ಲಿಫೈಯರ್‌ನಲ್ಲಿ ಪ್ಲಸ್, ಗ್ರೌಂಡ್‌ಗಳ ನಡುವೆ ‘ರೆಮ್’ ಎಂದು ಬರೆದ ಮೂರನೆಯ ಸ್ಕ್ರೂ ಇರುತ್ತದೆ. ಕಾರಿನಲ್ಲಿ ಸ್ಟೀರಿಯೋ ಹಾಕಿದಾಗ ಅದು ಈ ಸ್ಕ್ರೂಗೆ 12 ವೋಲ್ಟ್ ಕಳಿಸಿ ‘ಏಳು’ ಎನ್ನುತ್ತದೆ. ಮನೆಯಲ್ಲಿ ಹಾಗೆನ್ನುವವರಿಲ್ಲ. ಎಲ್ಲ ತಂತಿ ಸರಿಯಿದ್ದೂ ಆಂಪ್ಲಿಫೈಯರ್ ಸತ್ತಂತೆ ಬಿದ್ದಿರುವುದಕ್ಕೆ ಎಷ್ಟೋ ಸಲ ಇದೊಂದೇ ಕಾರಣ. ಪ್ಲಸ್‌ನಿಂದ ರೆಮ್‌ಗೆ ಒಂದು ತೆಳು ತಂತಿ, ಮಧ್ಯೆ ಒಂದು ಪುಟ್ಟ ಸ್ವಿಚ್, ಅಷ್ಟೇ ಬೇಕಾದದ್ದು. ಕೆಲವು ರಿಸೀವರ್‌ಗಳ ಹಿಂದೆ 12 ವೋಲ್ಟ್ ಟ್ರಿಗರ್ ಎಂಬ ತೂತಿರುತ್ತದೆ. ಅದನ್ನು ರೆಮ್‌ಗೆ, ಅದರ ಮೈನಸ್ಸನ್ನು ಗ್ರೌಂಡ್‌ಗೆ ಕೊಟ್ಟರೆ ರಿಸೀವರ್ ಹಾಕಿದಾಗ ಸಬ್‌ವೂಫರೂ ತಾನಾಗಿ ಏಳುತ್ತದೆ. ಸ್ವಿಚ್ ಇಟ್ಟುಕೊಂಡವರು ಒಂದು ಕ್ರಮ ಪಾಲಿಸಬೇಕು. ಹಾಕುವಾಗ ಮೊದಲು ರಿಸೀವರ್, ಎಸ್‌ಎಂಪಿಎಸ್, ಕೊನೆಗೆ ರೆಮ್. ಆರಿಸುವಾಗ ಮೊದಲು ರೆಮ್. ಹಾಗೆ ಮಾಡಿದರೆ ‘ಧಡ್’ ಎಂಬ ಸದ್ದಿಲ್ಲ.

ಶಕ್ತಿಯ ಮಾತು ಮುಗಿಯಿತು. ಸಂಗೀತ ಎಲ್ಲಿಂದ ಬರಬೇಕು?

ರಿಸೀವರ್‌ನ ಹಿಂಬದಿಯಲ್ಲಿ ‘ಸಬ್ ಔಟ್’ ಅಥವಾ ‘ಸಬ್‌ವೂಫರ್’ ಎಂಬ ಒಂಟಿ ಆರ್‌ಸಿಎ ತೂತಿದ್ದರೆ ಅದೃಷ್ಟ. ಅಲ್ಲಿಂದ ಒಂದು ಆರ್‌ಸಿಎ ಕೇಬಲ್, ತುದಿಗೆ ಒಂದನ್ನು ಎರಡಾಗಿಸುವ ವೈ ಕೇಬಲ್. ಆಂಪ್ಲಿಫೈಯರ್‌ನ ಎಡ-ಬಲ ಎರಡೂ ಇನ್‌ಪುಟ್‌ಗೆ ಹಾಕಬೇಕು. ಒಂದಕ್ಕೇ ಹಾಕಿದರೆ ಹಲವು ಆಂಪ್ಲಿಫೈಯರ್‌ಗಳಲ್ಲಿ ದನಿ ಅರ್ಧಕ್ಕೆ ಇಳಿಯುತ್ತದೆ. ‘ಪ್ರೀ ಔಟ್’ ಇದ್ದರೂ ಸರಿ, ಎಡ-ಬಲ ನೇರ ಸೇರಿಸಬಹುದು. ಹಳೆಯ ರಿಸೀವರ್‌ಗಳಲ್ಲಿ ಕಾಣುವ ‘ಟೇಪ್ ಔಟ್’ ಮಾತ್ರ ಮೋಸ ಮಾಡುತ್ತದೆ. ಅದು ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿಕೊಳ್ಳಲೆಂದು ಇಟ್ಟ ತೂತು. ವಾಲ್ಯೂಮ್ ಗುಂಡಿಗೂ ಅದಕ್ಕೂ ಸಂಬಂಧವಿಲ್ಲ. ರಿಸೀವರ್ ದನಿ ಇಳಿಸಿದರೂ ಸಬ್‌ವೂಫರ್ ಗುಮ್ಮೆನ್ನುತ್ತಲೇ ಇರುತ್ತದೆ.

ಎಂಬತ್ತರ ದಶಕದ ಕಾಸ್ಮಿಕ್, ಸೋನೋಡೈನ್ ಕಾಲದ ಆಂಪ್ಲಿಫೈಯರ್‌ಗಳನ್ನು ಇಂದಿಗೂ ಜೋಪಾನ ಮಾಡಿಟ್ಟುಕೊಂಡ ಮನೆಗಳಿವೆ. ಆ ಕಾಲದವುಗಳಲ್ಲಿ ಸಬ್ ಔಟ್ ನಿರೀಕ್ಷಿಸುವಂತಿಲ್ಲ. ಆಗ ಸ್ಪೀಕರ್ ತಂತಿಯಿಂದಲೇ ಸಂಕೇತ ತೆಗೆಯಬೇಕು. ಕಾರಿನ ಆಂಪ್ಲಿಫೈಯರ್‌ನಲ್ಲಿ ‘ಹೈ ಲೆವೆಲ್’ ಇನ್‌ಪುಟ್ ಇದ್ದರೆ ರಿಸೀವರ್‌ನ ಸ್ಪೀಕರ್ ಟರ್ಮಿನಲ್‌ನಿಂದ ನಾಲ್ಕು ತೆಳು ತಂತಿ ಎಳೆದು ಅಲ್ಲಿಗೆ ಕೊಡಬಹುದು. ಇಲ್ಲದಿದ್ದರೆ ಮಧ್ಯೆ ಲೈನ್ ಔಟ್ ಕನ್ವರ್ಟರ್ ಎಂಬ ಬೆಂಕಿಪೆಟ್ಟಿಗೆ ಗಾತ್ರದ ಡಬ್ಬಿ ಬೇಕು. ಕಾರಿನ ಸ್ಟೀರಿಯೋ ಅಂಗಡಿಗಳಲ್ಲಿ, ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ, ಇದು ಸುಲಭವಾಗಿ ಸಿಗುತ್ತದೆ. ಇದು ರಿಸೀವರ್‌ಗೆ ಭಾರವೇ ಅಲ್ಲ. ಮನೆಯ ಸ್ಪೀಕರ್‌ಗಳು ಇದ್ದಲ್ಲೇ ಹಾಡುತ್ತಿರುತ್ತವೆ. ರಿಸೀವರ್‌ನಲ್ಲಿ ‘ಬಿ’ ಸ್ಪೀಕರ್ ಟರ್ಮಿನಲ್ ಖಾಲಿಯಿದ್ದರೆ ಅಲ್ಲಿಗೆ ಸೇರಿಸುವುದು ಇನ್ನೂ ಅಚ್ಚುಕಟ್ಟು.

ಮಾಡಬಾರದ ಒಂದು ಕೆಲಸವಿದೆ. ಕಾರಿನ ಆಂಪ್ಲಿಫೈಯರನ್ನು ಬಿಟ್ಟು, ಸಬ್‌ವೂಫರ್‌ನ ತಂತಿಯನ್ನೇ ರಿಸೀವರ್‌ನ ಸ್ಪೀಕರ್ ಟರ್ಮಿನಲ್‌ಗೆ ಸಿಕ್ಕಿಸುವುದು. ಮನೆಯ ರಿಸೀವರ್ 6 ಅಥವಾ 8 ಓಮ್‌ನ ಸ್ಪೀಕರ್‌ಗೆಂದು ಮಾಡಿದ್ದು. ಕಾರಿನ ಸಬ್‌ವೂಫರ್ 4 ಓಮ್, ಕೆಲವು 2 ಓಮ್. ಓಮ್ ಕಡಿಮೆಯಾದಷ್ಟೂ ರಿಸೀವರ್ ಹೆಚ್ಚು ಕರೆಂಟ್ ಸುರಿಯಬೇಕಾಗಿ ಬಿಸಿಯೇರಿ ತಾನೇ ಆರುತ್ತದೆ, ಇಲ್ಲವೇ ಒಳಗಿನ ಟ್ರಾನ್ಸಿಸ್ಟರ್ ಹೋಗುತ್ತದೆ. ಕಾರಿನ ಆಂಪ್ಲಿಫೈಯರ್‌ಗೂ ಮಿತಿಯಿದೆ. ಎರಡು ಕಾಯಿಲ್ ಇರುವ ಸಬ್‌ವೂಫರ್ ಆದರೆ, ಒಂದೊಂದೂ 4 ಓಮ್ ಎಂದಿಟ್ಟುಕೊಂಡರೆ, ಸರಣಿಯಲ್ಲಿ ಸೇರಿಸಿದಾಗ 8 ಓಮ್, ಸಮಾಂತರದಲ್ಲಿ 2 ಓಮ್. ಎರಡು ಚಾನೆಲ್ ಬೆಸೆದು ಒಂದಾಗಿಸಿ ನಡೆಸುವ ಆಂಪ್ಲಿಫೈಯರ್‌ಗಳು ಸಾಮಾನ್ಯವಾಗಿ 4 ಓಮ್‌ಗಿಂತ ಕೆಳಗೆ ತಡೆಯುವುದಿಲ್ಲ. ಮನೆಗೆ 8 ಓಮ್ ಆದರೂ ನಷ್ಟವಿಲ್ಲ; ದನಿ ತುಸು ತಗ್ಗುತ್ತದೆ, ಎಸ್‌ಎಂಪಿಎಸ್‌ಗೆ ನಿರಾಳ.

ಎಲ್ಲ ಸೇರಿಸಿ ಸ್ವಿಚ್ ಹಾಕಿದಾಗ ಮೊದಲು ಕೇಳಿಸುವುದು ಸಂಗೀತವಲ್ಲದೆ ‘ಹುಂ’ ಎಂಬ ಒಂದೇ ಸಮನಾದ ಗುಂಗು ಆಗಿರಬಹುದು. ನಮ್ಮ ಕರೆಂಟಿನ 50 ಹರ್ಟ್ಸ್ ಅದು. ಸಬ್‌ವೂಫರ್‌ಗೆ ಇಷ್ಟವಾದ ಎತ್ತರ. ಆಂಪ್ಲಿಫೈಯರನ್ನು ಆರಿಸಿ ಅದರ ಕಡೆಯ ಆರ್‌ಸಿಎ ಕೇಬಲ್ ಕೀಳಬೇಕು. ಕೇಬಲ್ ಇಲ್ಲದೆ ಆಂಪ್ಲಿಫೈಯರನ್ನು ಮತ್ತೆ ಹಾಕಿದಾಗ ಗುಂಗು ನಿಂತರೆ ಎರಡು ಉಪಕರಣಗಳ ಅರ್ಥಿಂಗ್ ಸುತ್ತು ಹಾಕಿಕೊಂಡಿದೆ ಎಂದರ್ಥ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಎಷ್ಟೋ ಸಲ ಅದು ಅಲ್ಲಿಗೇ ಹೋಗುತ್ತದೆ. ಹೋಗದಿದ್ದರೆ ರಿಸೀವರ್‌ಗೆ ಸೇರಿಸಿದ ಸೆಟ್‌ಟಾಪ್ ಬಾಕ್ಸ್‌ನ ಕೇಬಲ್ ಟಿವಿ ತಂತಿಯನ್ನು ಬಿಚ್ಚಿ ನೋಡಬೇಕು, ಹೊರಗಿನಿಂದ ಬರುವ ಆ ತಂತಿ ಗುಂಗನ್ನು ಹೊತ್ತು ತರುವುದುಂಟು. ಕೊನೆಗೆ, ಆರ್‌ಸಿಎ ಕೇಬಲ್‌ನ ಮಧ್ಯೆ ಹಾಕುವ ಗ್ರೌಂಡ್ ಲೂಪ್ ಐಸೋಲೇಟರ್. ಇಷ್ಟರಲ್ಲಿ ಯಾರಾದರೂ ‘ಪ್ಲಗ್ಗಿನ ದಪ್ಪ ಪಿನ್ ಕಿತ್ತುಹಾಕಿ, ಗುಂಗು ಹೋಗುತ್ತದೆ’ ಎಂದು ಸಲಹೆ ಕೊಡುತ್ತಾರೆ. ಗುಂಗು ಹೋಗುತ್ತದೆ ನಿಜ, ಜೊತೆಗೆ ಜೀವ ಕಾಯುವ ಅರ್ಥಿಂಗೂ ಹೋಗುತ್ತದೆ. ಅದನ್ನು ಯಾವ ಕಾರಣಕ್ಕೂ ಮಾಡಬಾರದು.

ಇನ್ನು ಹದ ಮಾಡುವುದು. ಆಂಪ್ಲಿಫೈಯರ್‌ನ ಮೈಮೇಲೆ ಮೂರು-ನಾಲ್ಕು ತಿರುಪುಗಳಿರುತ್ತವೆ. ‘ಬಾಸ್ ಬೂಸ್ಟ್’ ಎಂಬುದನ್ನು ಸೊನ್ನೆಗೆ ತಂದು ಮರೆತುಬಿಡಬೇಕು. ‘ಎಲ್‌ಪಿಎಫ್’ ಎಂಬುದನ್ನು 80 ಹರ್ಟ್ಸ್‌ಗೆ ಇಡಬೇಕು. ಅದಕ್ಕಿಂತ ಕೆಳಗಿನ ನಾದ ಮಾತ್ರ ಸಬ್‌ವೂಫರ್‌ಗೆ ಹೋಗುತ್ತದೆ. ರಿಸೀವರ್‌ನಲ್ಲೇ ಈ ಏರ್ಪಾಡಿದ್ದರೆ ಅಲ್ಲಿ 80 ಇಟ್ಟು, ಆಂಪ್ಲಿಫೈಯರ್‌ನದನ್ನು ಅದರ ಗರಿಷ್ಠಕ್ಕೆ ತಿರುಗಿಸಬೇಕು. ಎರಡು ಸಲ ಸೋಸಿದರೆ ನಡುವಿನ ನಾದ ಸೊರಗುತ್ತದೆ. ‘ಗೇನ್’ ಎಂಬುದು ವಾಲ್ಯೂಮ್ ಅಲ್ಲ. ರಿಸೀವರ್‌ನಿಂದ ಬರುವ ಸಂಕೇತಕ್ಕೂ ಆಂಪ್ಲಿಫೈಯರ್‌ಗೂ ಹೊಂದಿಕೆ ಮಾಡುವ ತಿರುಪು. ಅದು ಸೊನ್ನೆಯಿಂದ ಶುರುವಾಗಬೇಕು. ರಿಸೀವರನ್ನು ದಿನಾ ಕೇಳುವ ದನಿಗೆ ಇಟ್ಟು, ಗೇನನ್ನು ಕೂದಲೆಳೆಯಷ್ಟು ಏರಿಸುತ್ತ ಹೋಗಿ, ಸಬ್‌ವೂಫರ್ ಬೇರೆಯಾಗಿ ಕೇಳಿಸತೊಡಗಿದ ಕೂಡಲೇ ತುಸು ಹಿಂದಕ್ಕೆ ಬರಬೇಕು. ಮೀಟರ್ ಹಿಡಿದು ಮಾಡುವವರಿಗೆ ಲೆಕ್ಕವೂ ಇದೆ. 4 ಓಮ್‌ನಲ್ಲಿ 150 ವ್ಯಾಟ್ ಮಿತಿ ಬೇಕಾದರೆ, ಸಬ್‌ವೂಫರ್ ಬಿಚ್ಚಿ 50 ಹರ್ಟ್ಸ್ ನಾದ ನುಡಿಸಿ ಅಳೆದಾಗ ಆಂಪ್ಲಿಫೈಯರ್‌ನ ಸ್ಪೀಕರ್ ಟರ್ಮಿನಲ್‌ನಲ್ಲಿ 24.5 ವೋಲ್ಟ್ ಎಸಿ ದಾಟಬಾರದು.

ಪರೀಕ್ಷೆಗೆ ಬನಾರಸ್‌ನ ಸಂಗೀತಕ್ಕಿಂತ ಒಳ್ಳೆಯದು ಬೇಕಿಲ್ಲ. ಮೊದಲು ಬಿಸ್ಮಿಲ್ಲಾ ಖಾನ್ ಅವರ ಶಹನಾಯಿಯ ಆಲಾಪ. ಶಹನಾಯಿಯ ಅತಿ ಕೆಳಗಿನ ಸ್ವರವೂ 200 ಹರ್ಟ್ಸ್‌ಗಿಂತ ಮೇಲಿದೆ. ಆದ್ದರಿಂದ ತಾಳವಾದ್ಯ ಬರುವವರೆಗೆ ಸಬ್‌ವೂಫರ್ ಬಹುಪಾಲು ಮೌನವಾಗಿರಬೇಕು. ಅದರ ಮೈಮೇಲೆ ಕೈಯಿಟ್ಟರೆ ಶಹನಾಯಿಗೇ ಅದು ಎದ್ದು ಮಿಡಿಯುತ್ತಿದೆಯೇ? ಹಾಗಾದರೆ ಎಲ್‌ಪಿಎಫ್ ತುಂಬ ಮೇಲಿದೆ. ಅನಂತರ 1975ರ ‘ಶೋಲೆ’. ಬಸಂತಿಯ ಟಾಂಗಾವನ್ನು ಡಕಾಯಿತರು ಅಟ್ಟಿಸಿಕೊಂಡು ಬರುವಾಗಿನ ಹಿನ್ನೆಲೆಯ ತಬಲಾ ಬನಾರಸ್‌ನ ಗುದಈ ಮಹಾರಾಜರದು. ಆ ಟಾಂಗಾ ಓಡಿದ ಬಂಡೆಗಳ ನಾಡು ನಮ್ಮ ರಾಮನಗರ. ಆ ಓಟದಲ್ಲಿ ಡಗ್ಗಾದ ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಕೇಳಬೇಕು. ಒಂದರ ಬಾಲ ಇನ್ನೊಂದಕ್ಕೆ ಸುತ್ತಿಕೊಂಡು ಮುದ್ದೆಯಾದರೆ ಗೇನ್ ಹೆಚ್ಚಾಗಿದೆ, ಇಲ್ಲವೇ ಪೆಟ್ಟಿಗೆ ಇಟ್ಟ ಜಾಗ ಸರಿಯಿಲ್ಲ.

ಜಾಗದ ವಿಷಯ ಕಾರಿನಿಂದ ಬಂದವರಿಗೆ ಹೊಸದು. ಕಾರಿನ ಒಳಗು ಎಷ್ಟು ಚಿಕ್ಕದೆಂದರೆ ಆಳದ ನಾದಗಳ ಅಲೆ ಅದರೊಳಗೆ ಹಿಡಿಸುವುದೇ ಇಲ್ಲ. ಗಾಳಿಯನ್ನೇ ಒತ್ತಿ ನಾದ ತಾನಾಗಿ ಬಲಗೊಳ್ಳುತ್ತದೆ. ಮನೆಯಲ್ಲಿ ಆ ಸಹಾಯವಿಲ್ಲ. ‘ಕಾರಿನಲ್ಲಿ ಎದೆಗೆ ಗುದ್ದುತ್ತಿತ್ತು, ಇಲ್ಲಿ ಸಪ್ಪೆ’ ಎನಿಸಿದರೆ ಸಬ್‌ವೂಫರ್ ಕೆಟ್ಟಿಲ್ಲ, ಕೋಣೆ ದೊಡ್ಡದಾಗಿದೆ ಅಷ್ಟೇ. ಗೇನ್ ಏರಿಸುವ ಬದಲು ಪೆಟ್ಟಿಗೆಯನ್ನು ಮೂಲೆಗೆ ಸರಿಸಿದರೆ ಎರಡು ಗೋಡೆ, ನೆಲ ಸೇರಿ ಬಲ ಕೊಡುತ್ತವೆ. ನಾಲ್ಕು ಮೀಟರ್ ಉದ್ದದ ಕೋಣೆಯಲ್ಲಿ ಸುಮಾರು 43 ಹರ್ಟ್ಸ್‌ನ ಅಲೆ ಗೋಡೆಯಿಂದ ಗೋಡೆಗೆ ಬಡಿದು ನಿಂತುಬಿಡುತ್ತದೆ. ಗೋಡೆಯ ಹತ್ತಿರ ಅದು ಗುಡುಗುತ್ತದೆ, ಕೋಣೆಯ ನಟ್ಟನಡುವೆ ಮಾಯವಾಗುತ್ತದೆ. ಒಳ್ಳೆಯ ಜಾಗ ಹುಡುಕಲು ಒಂದು ಹಳೆಯ ಉಪಾಯವಿದೆ. ಪೆಟ್ಟಿಗೆಯನ್ನು ತಾವು ಕೂರುವ ಜಾಗದಲ್ಲೇ ಇಟ್ಟು, ಹಾಡು ಹಾಕಿ, ಗೋಡೆಯುದ್ದಕ್ಕೂ ಅಂಬೆಗಾಲಿಡುತ್ತ ಕೇಳುತ್ತ ಹೋಗಬೇಕು. ನಾದ ಎಲ್ಲಿ ತುಂಬಿಯೂ ಸ್ಪಷ್ಟವಾಗಿಯೂ ಇದೆಯೋ ಅಲ್ಲೇ ಪೆಟ್ಟಿಗೆಯ ಜಾಗ. ಕೊನೆಯಲ್ಲಿ ಸಬ್‌ವೂಫರ್‌ನ ಪ್ಲಸ್-ಮೈನಸ್ ತಂತಿಯನ್ನು ಒಮ್ಮೆ ಅದಲುಬದಲು ಮಾಡಿ ಕೇಳಬೇಕು. ಯಾವ ಕಡೆ ಡಗ್ಗಾ ಹೆಚ್ಚು ತುಂಬಿ ಬರುತ್ತದೋ ಅದೇ ಸರಿ. ಕಲ್ಲಿನ ನೆಲಕ್ಕೆ ಪೆಟ್ಟಿಗೆಯ ಕೆಳಗೆ ರಬ್ಬರಿನ ದಪ್ಪ ಚಾಪೆ ಹಾಕಿದರೆ ಕೆಳಗಿನ ಮನೆಯವರಿಗೂ ನೆಮ್ಮದಿ.

ಗಲ್ಲಿಯಲ್ಲಿ ನೆರೆಮನೆಯೆಂದರೆ ಎರಡು ಹೆಜ್ಜೆ. ಆಳದ ನಾದಕ್ಕೆ ಗೋಡೆ ಅಡ್ಡಿಯಲ್ಲ. ಹಾಡು ಕೇಳದ ಪಕ್ಕದ ಮನೆಗೂ ಗುಮ್ಮು ಮಾತ್ರ ಕೇಳಿಸುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಮನೆಯ ಸ್ವಂತ ಸೌಂಡ್ ಸಿಸ್ಟಮ್‌ನ ಸದ್ದು ಮನೆಯ ಎಲ್ಲೆಯಲ್ಲಿ ಈ ಮಿತಿಯನ್ನು 5 ಡೆಸಿಬೆಲ್‌ಗಿಂತ ಹೆಚ್ಚು ದಾಟುವಂತಿಲ್ಲ. ಇದನ್ನು ಪಾಲಿಸಲು ಯಂತ್ರವೇ ಬೇಕೆಂದಿಲ್ಲ. ಒಬ್ಬರು ಒಳಗೆ ದನಿ ಏರಿಸುತ್ತಿರಲಿ, ಇನ್ನೊಬ್ಬರು ಬಾಗಿಲು ಮುಚ್ಚಿಕೊಂಡು ಗಲ್ಲಿಯಲ್ಲಿ ನಿಲ್ಲಲಿ. ಬೀದಿಯ ಮಾತುಕತೆಯ ಮೇಲೆ ಡಗ್ಗಾ ಕೇಳಿಸತೊಡಗಿದಾಗ ಕೂಗಿ ಹೇಳಲಿ. ಹಗಲಿಗೊಮ್ಮೆ, ರಾತ್ರಿ ಹತ್ತರ ಮೇಲೊಮ್ಮೆ ಹೀಗೆ ನೋಡಿ, ರಿಸೀವರ್‌ನ ವಾಲ್ಯೂಮ್ ಗುಂಡಿಯ ಪಕ್ಕ ಮನೆಯಲ್ಲಿರುವ ಕುಂಕುಮದಿಂದಲೇ ಎರಡು ಚುಕ್ಕೆ ಇಟ್ಟುಬಿಡಬಹುದು.